ಸಾಯೋ ಹಾಡಿಗೆ ಬೇಕಾದ ಉಸಿರು

ಜನವರಿ 4, ಬೆಳಿಗ್ಗೆ 6.30

ಅಪ್ಪ ಮತ್ತೆ ಬಾತ್‌ರೂಮಲ್ಲಿ ಹಾಡ್ತಿದ್ದಾರೆ. ಗೀಸರ್ ಕಾಯೋದ್ರೊಳಗೆ ರಾಜ ಸಾಯಬೇಕು — ದಿನಾ ಇದೇ. ಬೈಪಾಸ್ ಆಗಿ ವರ್ಷ ತುಂಬಿಲ್ಲ. ಜಯನಗರದ ಡಾಕ್ಟರ್ ಹೇಳಿದ್ದು ವಾಕಿಂಗ್. ಇವರು ಒಪ್ಪಿಕೊಂಡಿದ್ದು ಊರ ನಾಟಕದಲ್ಲಿ ಹಾಡಿ ಸಾಯೋ ರಾಜನ ಪಾರ್ಟು. ತಲಘಟ್ಟಪುರದಲ್ಲಿ ರಾಗಿ ಬೆಳೆದವರು, ಈಗ ಬಾಡಿಗೆ ಮನೆಗಳ ಓನರ್. ಆದರೂ ಏನು ಕೆಲಸ ಅಂತ ಕೇಳಿದರೆ, "ನಾಟಕ ಆಡ್ತೀನಿ."

ಜನವರಿ 11

ಪ್ರಾಕ್ಟೀಸ್ ನೋಡಿದೆ. ಹಳೇ ದುರಂತ ನಾಟಕ. ಮುದುಕ ರಾಜ ಹೊಗಳಿದ ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿ, ನಿಜ ಹೇಳಿದ ಕಿರಿಯವಳನ್ನು ಓಡಿಸ್ತಾನೆ. ಹೊಗಳಿದವರೇ ಹೊರಗೆ ಹಾಕಿದಾಗ ಮಳೆಯಲ್ಲಿ ನಿಂತು ಭಾಷಣ ಹೊಡೀತಾನೆ. ಕೊನೆಗೆ ಕಿರಿಯವಳ ಹೆಣ ಅಪ್ಪಿಕೊಂಡು ಹಾಡಿ ಸಾಯ್ತಾನೆ.

ನಾನು ಕಲಿತದ್ದು: ಹೊಗಳೋರಿಗೆ ಕಾಫಿ ಕೊಡು, ಸೈಟ್ ಕೊಡಬೇಡ. ಮಳೆ ಬಂದರೆ ಭಾಷಣ ನಿಲ್ಲಿಸಿ ಒಳಗೆ ಹೋಗು. ಅಪ್ಪನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕರು.

ಕೊನೆ ಹಾಡಲ್ಲಿ ಮೇಲಿನ ಸ್ವರಕ್ಕೆ ಉಸಿರು ಸಾಲಲಿಲ್ಲ. ಹಾರ್ಮೋನಿಯಂ ಮಾಧವ ಮೇಷ್ಟ್ರು, "ಶ್ರುತಿ ಇಳಿಸೋಣ ಗೌಡ್ರೆ."

"ಸಾಯೋದ್ರಲ್ಲಿ ಡಿಸ್ಕೌಂಟ್ ಬೇಡ ಮೇಷ್ಟ್ರೇ."

ಮೊಂಡ. ಆದರೂ... ಎಂಥಾ ಮನುಷ್ಯ!

ಜನವರಿ 25, ಮಧ್ಯಾಹ್ನ

ಸಂಜೆ ನಾಟಕ. ನಮ್ಮ ಕಡೆ ಒಂದು ಪದ್ಧತಿ — ನಾಟಕ ನಡೀತಿರುವಾಗಲೇ ನೆಂಟರು ಸ್ಟೇಜ್ ಹತ್ತಿ ಹಾರ ಹಾಕ್ತಾರೆ. ಯುದ್ಧ ನಿಲ್ಲುತ್ತೆ, ಫೋಟೋ ಆಗುತ್ತೆ, ಮತ್ತೆ ಯುದ್ಧ. ಅಪ್ಪ ನನಗೂ ಒಂದು ಹಾರ ತಂದಿಟ್ಟಿದ್ದಾರೆ. ಹತ್ತಲ್ಲ ಅಂದೆ. ಮುಖ ಸಣ್ಣದಾಯ್ತು.

ಜನವರಿ 26

ನಿನ್ನೆ, ಕೊನೆ ದೃಶ್ಯ. ಪಕ್ಕದ ಮನೆ ಶ್ವೇತ ಸತ್ತ ಮಗಳಾಗಿ ಅಪ್ಪನ ತೊಡೆ ಮೇಲೆ. ಹಾಡು ಅರ್ಧದಲ್ಲೇ ನಿಂತಿತು. ಬಾಯಿ ತೆರೆದಿದೆ, ದನಿ ಇಲ್ಲ. ಜನ ನಟನೆ ಅಂದುಕೊಂಡು ಸೀಟಿ ಹೊಡೆದರು. ಉಸಿರು ಸಿಕ್ತಿಲ್ಲ ಅಂತ ನನಗೆ ಗೊತ್ತಾಯ್ತು.

ಅಪ್ಪ ತಂದಿಟ್ಟಿದ್ದ ಹಾರ ಹಿಡಿದು ಸ್ಟೇಜಿಗೆ ಓಡಿದೆ. ಕೊರಳಿಗೆ ಹಾಕಿ, "ಉಸಿರು ತಗೊಳ್ಳಿ ಅಪ್ಪ. ಅರ್ಜೆಂಟಿಲ್ಲ." ಫೋಟೋದವನಿಗೆ, "ಇನ್ನೊಂದು ತೆಗೀರಿ ಅಣ್ಣ... ಇನ್ನೊಂದು."

ಹೆಣ ಕಣ್ಣು ಬಿಟ್ಟು, "ಅಕ್ಕ, ನಾನೂ ಬರ್ತೀನಾ ಫೋಟೋದಲ್ಲಿ?"

ಅಪ್ಪ ನಕ್ಕರು. ಉಸಿರು ಬಂತು.

"ನಿಲ್ಲಿಸೋಣ್ವಾ?" ಅಂದೆ.

"ಇಳಿ ಕೆಳಗೆ. ನಾನು ಸಾಯಬೇಕು."

ಹಾಡಿದರು. ಮೇಲಿನ ಸ್ವರ ಮುಟ್ಟೇಬಿಟ್ಟರು! ಹೆಮ್ಮೆಗೆ ಅಳು ಬಂತು ನನಗೆ. ಜನ ಎದ್ದು, "ಒನ್ಸ್ ಮೋರ್!" ಹಾಗೆ ಕೂಗಿದರೆ ಸತ್ತವರು ಎದ್ದು ಮತ್ತೆ ಹಾಡಿ ಸಾಯಲೇಬೇಕು, ಅದೂ ಪದ್ಧತಿ. ರಾಜ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ಬೇಡ ಅಂತ ತಲೆ ಆಡಿಸಿದೆ.

ಕಣ್ಣು ಮುಚ್ಚಿದರು. ಊರೇ ಕೂಗಿದರೂ ಏಳಲಿಲ್ಲ. ಆ ರಾಜ ಮಗಳ ಮಾತು ಕೇಳಲಿಲ್ಲ. ನಮ್ಮಪ್ಪ ಕೇಳಿದರು.

ಜನವರಿ 27, ಬೆಳಿಗ್ಗೆ 6.30

ಬಾತ್‌ರೂಮಿಂದ ಹಾಡು. ಒನ್ಸ್ ಮೋರ್ ನನಗೊಬ್ಬಳಿಗೇ ಅಂತೆ. ಬಾಗಿಲ ಹತ್ತಿರ ನಿಂತೇ ಬರೀತಿದ್ದೀನಿ. ಮೇಲಿನ ಸ್ವರ ಬರ್ತಿದೆ, ಈಗ — ಮುಟ್ಟಿದರು!