ಎಡಗೈಗೆ ಎರಡು ಬ್ರೇಕು

ರಾಸ್ ಅಲ್-ಬರ್, ಮಂಗಳವಾರ

ಇನ್‌ಶಿರಾಹ್ ಅಕ್ಕನಿಗೆ ಸಲಾಂ.

ಫೋನಿನಲ್ಲಿ ಹೇಳಲಾಗದೆ, ನಿನ್ನ ಸೈಕಲ್ ತಂದ ವ್ಯಾನಿನವನ ಕೈಲೇ ಈ ಪತ್ರ ಕಳಿಸುತ್ತಿದ್ದೇನೆ. ನಿನ್ನ ಸೈಕಲ್ಲೂ ಚೀಟಿಯೂ ತಲುಪಿದವು. ನೀನು ಬರೆದಂತೆಯೇ ಹ್ಯಾಂಡಲ್ ಎತ್ತರಿಸಿ, ಎರಡೂ ಬ್ರೇಕು ಎಡಗೈಗೆ ಹಾಕಿದ್ದೇನೆ.

ಸ್ತನ ಕ್ಯಾನ್ಸರ್ ರೋಗಿಗಳ ನೆರವಿಗೆಂದು ಶುಕ್ರವಾರ ನಡೆಯುವ ಸವಾರಿಯ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡುತ್ತಿರುವವನು ನಾನೇ. ಆಪರೇಷನ್ ಆದ ಹೆಂಗಸರು ಕೇಳುವುದೂ ಇದನ್ನೇ. ಕೊಯ್ದ ಕಡೆಯ ಕೈಗೆ ಬಲ ಬರುವುದಿಲ್ಲವಂತೆ. ರಂಜಾನಿಗೆ ಮೊದಲು ನಿನಗಾದದ್ದು ಪಿತ್ತಕೋಶದ ಆಪರೇಷನ್ ಅಂದಿದ್ದೆ ನೀನು. ಪಿತ್ತಕೋಶಕ್ಕೂ ಬ್ರೇಕಿಗೂ ಏನು ಸಂಬಂಧ ಎಂದು ನಾನು ಕೇಳುವುದಿಲ್ಲ.

"ಅಮ್ಮನಿಗೆ ತೋರಿಸಬೇಡ" ಎಂದೂ ಬರೆದಿದ್ದೆ. ಅದು ಮಾತ್ರ ಆಗಲಿಲ್ಲ. ಅಮ್ಮ ವಾರದಿಂದ ಅಂಗಡಿಯಲ್ಲೇ ಕೂತು ಆ ಹೆಂಗಸರಿಗೆಲ್ಲ ಚಹಾ ಕೊಡುತ್ತಿದ್ದಾಳೆ. ನಿನ್ನೆ ನಿನ್ನ ಸೈಕಲ್ ನೋಡಿದಳು. "ಅಕ್ಕ ಯಾರಿಗೋ ಕೊಟ್ಟಿದ್ದಾಳಮ್ಮ" ಎಂದೆ. ಬ್ರೇಕು ಒತ್ತಿ ನೋಡಿದಳು.

"ಎಷ್ಟು ಬಿಗಿ ಮಾಡಿದೀಯೋ ಕತ್ತೆ! ಅವಳು ಎಡಗೈಲಿ ಲೋಟನೂ ಎತ್ತಿದವಳಲ್ಲ. ಸಡಿಲ ಮಾಡು."

ಸಡಿಲ ಮಾಡಿದ್ದೇನೆ. ಗುರುವಾರವೇ ಬಾ. ನಿನಗೆ ಸಾರು ಮಾಡಲೆಂದು ಅಮ್ಮ ಬಾತುಕೋಳಿ ತಂದು ಕಟ್ಟಿದ್ದಾಳೆ.

ನಿನ್ನ ತಮ್ಮ,
ಶಹಾತಾ