ಹೆಡ್‌ಲೈಟಿನೊಳಗಿನ ರೇಷ್ಮೆ ಎಳೆ

ಮಂಗಳಾ,

ಮೇಜಿನ ಮೇಲಿರುವ ಹಳೇ ಜೀಪಿನ ಹೆಡ್‌ಲೈಟು ಮುಟ್ಟಬೇಡ. ಹೋದ ಸಲದ ಹಾಗೆ ವೇಲಿನಲ್ಲಿ ಒರೆಸಿದರೆ ಒಳಗಿನ ಬೆಳ್ಳಿ ಲೇಪವೆಲ್ಲ ಎದ್ದು ಬರುತ್ತದೆ. ಎಷ್ಟು ಸಲ ಹೇಳಲಿ!

ಗಾಜಿನ ಮೇಲಿನ ನಂಬರು ನೋಡಿ ಯಾವ ಕಾಲದ್ದು ಅಂತ ತಿಳಿಯಿತು. ಆದರೆ ರಿಂಗು ಬಿಚ್ಚಿದ ಮೇಲೆ ಕೆಲಸ ಅಲ್ಲಿಗೇ ನಿಲ್ಲಿಸಿದೆ. ಗಾಜಿನ ಸುತ್ತ ಇರಬೇಕಾದ ರಬ್ಬರಿನ ಜಾಗದಲ್ಲಿ ರೇಷ್ಮೆ ಎಳೆ ಸುತ್ತಿ, ಕೊನೆಗೆ ಮೂರು ಗಂಟು ಹಾಕಿದ್ದಾರೆ. ಹಾಗೆ ಸುತ್ತುತ್ತಿದ್ದವನು ನನಗೆ ಈ ಕೆಲಸ ಕಲಿಸಿದ ಅಪ್ಪ ಒಬ್ಬನೇ. ಅವನು ಕಾಣೆಯಾಗಿ ಹದಿನೆಂಟು ವರ್ಷವಾಯಿತು, ನೀನಾಗ ತೊಟ್ಟಿಲಲ್ಲಿದ್ದೆ. ಎಳೆ ಮಾತ್ರ ಅವ್ವ ಎರಡು ತಿಂಗಳ ಹಿಂದಷ್ಟೇ ಮಗ್ಗದಿಂದ ಇಳಿಸಿದ ನೇರಳೆ ಸೀರೆಯದು.

ಜೀಪಿನವರನ್ನು ಕೇಳಿದೆ. "ಓದ್ ತಿಂಗ್ಳು ಬೆಟ್ಟದ್ ಹತ್ರದ ಮಾರ್ಟಳ್ಳೀಲಿ ಒಬ್ರು ವಯಸ್ಸಾದವ್ರು ಕಟ್ಕೊಟ್ರು ಕಣಪ್ಪ. ಮಾತೇ ಆಡಕಿಲ್ಲ ಅವ್ರು" ಅಂದರು.

ಮೊದಲ ಬಸ್ಸಿಗೆ ಅಲ್ಲಿಗೇ ಹೊರಟಿದ್ದೇನೆ. ಹೆದರಬೇಡ ಮಗಾ. ತಿಂಗಳಿಗೊಮ್ಮೆ ಒಬ್ಬಳೇ ಬೆಟ್ಟಕ್ಕೆ ಹೋಗಿಬರುವ ಅವ್ವನನ್ನು ಏನೂ ಕೇಳಬೇಡ.

ಇವತ್ತು ಮಹಾಲಯ ಅಮಾವಾಸ್ಯೆ. ನಾನು ಬರುವವರೆಗೂ ಅಪ್ಪನ ಹೆಸರಿಗೆ ಎಡೆ ಇಡಲು ಬಿಡಬೇಡ.

ಚೌಡೇಶಣ್ಣ