ಎರಡು ಪಾರಿವಾಳ, ಒಂದು ದೋಣಿ

ಉಬ್ಬರಶಕೆ ೧೧೨, ಹದಿಮೂರನೇ ತಿಂಗಳು, ಇಪ್ಪತ್ತೆಂಟನೇ ದಿನ

ಪೂಜ್ಯ ಮುತ್ತಜ್ಜಿ ನಾಗವೇಣಿಯವರಿಗೆ ಮರಿಮಗಳು ತಾರಿಣಿಯ ನಮಸ್ಕಾರಗಳು.

ನೂರಹನ್ನೆರಡು ವರ್ಷ ಹಿಂದಕ್ಕೆ ಕಳಿಸುತ್ತಿರುವ ಈ ಕಾಗದ ಓದುವಾಗ ನಿಮಗೆ ಇಪ್ಪತ್ತಾರು, ಬರೆಯುವಾಗ ನನಗೆ ಅರವತ್ತೊಂದು. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು ಎಂದು ಬೈದುಕೊಳ್ಳಬೇಡಿ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ದ್ವೀಪ ಮುಳುಗಿದ ವರ್ಷದಿಂದ ನಾವು ಎಣಿಸುವ ಕಾಲಕ್ಕೆ ಉಬ್ಬರಶಕೆ ಎನ್ನುತ್ತೇವೆ. ನಾಳೆ ಬೆಳಿಗ್ಗೆ ನೀವು ಆ ದ್ವೀಪ ಬಿಟ್ಟು ನಮ್ಮ ಈ ತೀರಕ್ಕೆ ಹೊರಡುತ್ತೀರಿ. ದೋಣಿಯಲ್ಲಿ ಒಂದೇ ಜಾತಿಯ ಪಾರಿವಾಳಕ್ಕೆ ಜಾಗವಿದೆ.

ನಮ್ಮ ಚರಿತ್ರೆಯಲ್ಲಿ ನೀವು ತಂದದ್ದು ನಿಕೋಬಾರ್ ಪಾರಿವಾಳ. ಅದರ ಚೆಲುವೇ ಹಾಗೆ, ಯಾರಾದರೂ ಅದನ್ನೇ ತರುತ್ತಿದ್ದರು. ಹಸಿರು, ತಾಮ್ರ ಬೆರೆತ ಮೈ, ಕೊರಳಿಂದ ಇಳಿಬಿದ್ದ ಗರಿ, ಹಾರಿದಾಗ ಎದ್ದು ಕಾಣುವ ಬಿಳಿ ಬಾಲ. ಈಗಲೂ ನಮ್ಮ ಅಂಗಳದಲ್ಲಿ ಹತ್ತಿಪ್ಪತ್ತು ಹಕ್ಕಿಗಳು ತರಗೆಲೆ ಕೆದಕುತ್ತಿವೆ. ಆದರೆ ಅದು ಗಟ್ಟಿ ಬೀಜವನ್ನೂ ಹೊಟ್ಟೆಯೊಳಗೇ ಅರೆದುಬಿಡುತ್ತದೆ. ನೀವು ಬಿಟ್ಟುಬಂದ ಬೂದು ತಲೆಯ ದೊಡ್ಡ ಪಾರಿವಾಳ ಮರದ ತುದಿಯಲ್ಲೇ ಕುಳಿತು ಹಣ್ಣನ್ನು ಇಡಿಯಾಗಿ ನುಂಗಿ, ಬೀಜ ಕೆಡಿಸದೆ ದೂರ ದೂರ ಉದುರಿಸುತ್ತಿತ್ತಂತೆ. ಅದರ ವಂಶವೇ ಈಗ ಇಲ್ಲ.

ಅದರ ಕೆಲಸ ನಮ್ಮ ಪಾಲಿಗೆ ಬಂದಿದೆ. ನಮ್ಮನ್ನು ಹಕ್ಕಿಯಾಳು ಎನ್ನುತ್ತಾರೆ, ಅಂದರೆ ಇಲ್ಲದ ಹಕ್ಕಿಯ ಬದಲು ದುಡಿಯುವವರು. ಕಾಡುಜಾಯಿಕಾಯಿಯ ಹಣ್ಣನ್ನು ಮರಳಿನಲ್ಲಿ ತಿಕ್ಕಿ, ತಿರುಳು ಬಿಡಿಸಿ, ಬೀಜಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಗುಡ್ಡ ಹತ್ತುತ್ತೇವೆ. ಮೊಳೆಯುವುದು ನೂರಕ್ಕೆ ನಾಲ್ಕು. ಹಳೆಯ ಮರಗಳು ಒಂದೊಂದಾಗಿ ಬೀಳುತ್ತಿವೆ, ನಮ್ಮ ಕಾಡು ಇನ್ನೊಂದು ತಲೆಮಾರು ಉಳಿಯಲಾರದು. ನನ್ನ ಮೊಣಕಾಲೂ ಕೈಕೊಟ್ಟಿದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಕಲಿಸಿದವರೂ ನೀವೇ. ಎಂಬತ್ತು ದಾಟಿದ ಮೇಲೆ, ಸಂಜೆ ಹೊತ್ತು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೂದು ಹಕ್ಕಿಯ ಕೂಗನ್ನು ಕೂಗಿ ತೋರಿಸುತ್ತಿದ್ದಿರಿ. ಆಮೇಲೆ ನಿಮ್ಮ ಹಿರಿಯರ ಗಂಗೊಳ್ಳಿಯ ಮಾತಿನಲ್ಲಿ, "ಅದ್ರ ಕೂಗ್ ಇನ್ನೂ ದಪ್ಪ ಇದ್ದಿತ್ ಮಗಾ, ನಂಗ್ ಬತ್ತಿಲ್ಲೆ" ಎನ್ನುತ್ತಿದ್ದಿರಿ.

ಒಂದು ವಿಷಯ ಮುಚ್ಚಿಡಲಾರೆ. ಬಣ್ಣದ ಹಕ್ಕಿ ಬಂದಿದೆಯೆಂದು ದಡಕ್ಕೆ ಓಡಿಬಂದವರಲ್ಲಿ ಮುತ್ತಜ್ಜನೂ ಇದ್ದರು. ನೀವಿಬ್ಬರೂ ಒಬ್ಬರನ್ನೊಬ್ಬರು ಮೊದಲು ಕಂಡದ್ದು ಅಲ್ಲೇ. ಬೂದು ಹಕ್ಕಿ ನೋಡಲು ಅವರು ಹೆಣೆಯುತ್ತಿದ್ದ ಬಲೆ ಬಿಟ್ಟು ಏಳುತ್ತಿರಲಿಲ್ಲ. ಆಗ ಅಜ್ಜಿ ಹುಟ್ಟುವುದೇ ಇಲ್ಲ, ಅಮ್ಮ ಇಲ್ಲ, ನಾನೂ ಇಲ್ಲ. ಮೂರು ದಿನ ಯೋಚಿಸಿಯೇ ಈ ಕಾಗದ ಬರೆಯುತ್ತಿದ್ದೇನೆ.

ಮುತ್ತಜ್ಜಿ, ಬೂದು ಹಕ್ಕಿಯನ್ನೇ ತನ್ನಿ.

ನಿಮ್ಮ
ತಾರಿಣಿ